ಅರ್ಜಿ, ಅಹವಾಲು, ಶಾಸನ: ಒಂದು ದಲಿತ ಓದು

ನಮ್ಮ ತಾತನ ತಗಡಿನ ಟ್ರಂಕಿನಲ್ಲಿ ಹನ್ನೊಂದು ಅರ್ಜಿಗಳ ಪ್ರತಿಗಳಿವೆ. ಕಾರ್ಬನ್ ಹಾಳೆ ಇಟ್ಟು ಬರೆದವು. ನೀಲಿ ಮಾಸಿ ಕೆಲವು ಕಡೆ ಓದಲಿಕ್ಕೂ ಬರುವುದಿಲ್ಲ. ಮೊದಲನೆಯದು 1983ರದು, ಕೊನೆಯದು 2004ರದು. ಹನ್ನೊಂದೂ ನಮ್ಮ ಕ್ಷೇತ್ರದ ಶಾಸಕರಿಗೇ ಬರೆದವು. ಅಷ್ಟರಲ್ಲಿ ಶಾಸಕರು ಬದಲಾದರು, ಪಕ್ಷಗಳು ಬದಲಾದವು. ತಾತನ ಅರ್ಜಿಯ ಮೊದಲ ಸಾಲು ಮಾತ್ರ ಬದಲಾಗಲಿಲ್ಲ: 'ಮಹಾಸ್ವಾಮಿಯವರ ಪಾದಾರವಿಂದಗಳಿಗೆ ಬಡ ಹರಿಜನನಾದ ನಾನು ಮಾಡಿಕೊಳ್ಳುವ ದೀನ ಮನವಿ ಏನೆಂದರೆ...' ತಾತನಿಗೆ ಓದುಬರಹ ಬರುತ್ತಿರಲಿಲ್ಲ. ಕೆಳಗೆ ಎಡಗೈ ಹೆಬ್ಬೆಟ್ಟಿದೆ. ಬರೆದವನು ತಾಲ್ಲೂಕು ಕಚೇರಿಯ ಮುಂದೆ ಮರದಡಿ ಕೂರುತ್ತಿದ್ದ ಅರ್ಜಿ ಬರೆಯುವವನು. ಪಾದಾರವಿಂದ ಅವನ ಮಾತು, ಹೆಬ್ಬೆಟ್ಟು ನಮ್ಮದು.

ಕನ್ನಡದ ದಲಿತ ವಿಮರ್ಶೆ ಕಾವ್ಯದ ಬಗ್ಗೆ ಬೇಕಾದಷ್ಟು ಮಾತಾಡಿದೆ. ಕತೆ, ಆತ್ಮಕಥನ, ಹೋರಾಟದ ಹಾಡು, ಮೌಖಿಕ ಕಾವ್ಯಗಳ ಬಗ್ಗೆಯೂ ವಾಗ್ವಾದಗಳಾಗಿವೆ. ಆದರೆ ಈ ನಾಡಿನ ದಲಿತರು ಅತಿ ಹೆಚ್ಚು ಬರೆದ, ಅಥವಾ ಬರೆಸಿದ, ಗದ್ಯ ಯಾವುದು ಅಂತ ನನ್ನನ್ನು ಕೇಳಿದರೆ ಅದು ಅರ್ಜಿ ಅನ್ನುತ್ತೇನೆ. ಅದನ್ನು ನಾವು ಪಠ್ಯವೆಂದು ಒಪ್ಪಿಕೊಂಡೇ ಇಲ್ಲ. ಆತ್ಮಕಥನ ಓದುಗನ ಕಡೆಗೆ ಮುಖ ಮಾಡಿದ ಬರಹ. ಅರ್ಜಿ ಅಧಿಕಾರದ ಕಡೆಗೆ ಮುಖ ಮಾಡಿದ ಬರಹ. ಯಾರನ್ನು ಏನೆಂದು ಕರೆದು ಮಾತು ಶುರು ಮಾಡುತ್ತೇವೆ ಎಂಬುದರಲ್ಲೇ ಯಜಮಾನಿಕೆಯ ಪ್ರಶ್ನೆಯಿದೆ. ನಮ್ಮವರು ಶಾಸನ ಮಾಡುವವರಿಗೆ ಏನು ಬರೆದರು, ಯಾವುದು ನಾಟಿತು, ಯಾವುದು ಟ್ರಂಕು ಸೇರಿತು ಎಂಬುದನ್ನು ಇಲ್ಲಿ ಸ್ವಲ್ಪ ಹುಡುಕಿ ನೋಡಬೇಕೆಂದಿದ್ದೇನೆ.

ಮೊದಲು ತಾತನ ಸಂಗತಿ. 1956ರಲ್ಲಿ ತಾತನಿಗೆ ಎರಡು ಎಕರೆ ದರಖಾಸ್ತು ಜಮೀನು ಮಂಜೂರಾಯಿತು. ಸಾಗುವಳಿ ಚೀಟಿಯಲ್ಲಿ ಹದಿನೈದು ವರ್ಷ ಪರಭಾರೆ ಮಾಡತಕ್ಕದ್ದಲ್ಲ ಎಂಬ ಷರತ್ತಿತ್ತು. 1969ರಲ್ಲಿ, ಅಂದರೆ ಹದಿಮೂರನೇ ವರ್ಷಕ್ಕೆ, ದೊಡ್ಡತ್ತೆಯ ಮದುವೆ ಸಾಲಕ್ಕೆ ಆ ಜಮೀನು ಊರಿನ ದೊಡ್ಡವರೊಬ್ಬರ ಪಾಲಾಯಿತು. ಕ್ರಯಪತ್ರಕ್ಕೂ ಇದೇ ಎಡಗೈ ಹೆಬ್ಬೆಟ್ಟು. ಮಾರಿದ ಮೇಲೂ ತಾತ ಅದೇ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದರು. ಇದು ನಮ್ಮ ಮನೆಯ ಕತೆ ಮಾತ್ರವಲ್ಲ. ದಲಿತ ಕೇರಿಗಳಿಗೆ ಹೋಗಿ ಕೇಳಿದರೆ ಎಕರೆ ಲೆಕ್ಕ ಬದಲಾಗಬಹುದು, ಕತೆ ಇದೇ.

ಈ 'ಮಹಾಸ್ವಾಮಿ' ಎಲ್ಲಿಂದ ಬಂದ? ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯತ್ತ ತಿರುಗಿ ನೋಡಬೇಕು. 1881ರಲ್ಲಿ ದಿವಾನ್ ರಂಗಾಚಾರ್ಲು ಅದನ್ನು ಕರೆದರು. ಮೊದಲ ಸಭೆಗೆ ಬಂದವರು 144 ಜನ, ಜಮೀನುದಾರರು ಮತ್ತು ವರ್ತಕರು. ಸೇರಿದ್ದು ದಸರಾ ಕಾಲದಲ್ಲಿ. ಇದು ಕಾಕತಾಳೀಯವೇನಲ್ಲ. ದರ್ಬಾರಿನ ನೆರಳಿನಲ್ಲಿ ಹುಟ್ಟಿದ ಸಭೆ ಅದು. ಸದಸ್ಯರು ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳಬಹುದಿತ್ತು, ಕಾನೂನು ಮಾಡುವ ಅಧಿಕಾರ ಇರಲಿಲ್ಲ. ನ್ಯಾಯವಿಧಾಯಕ ಸಭೆ ಬಂದದ್ದು 1907ರಲ್ಲಿ. ಅಂದರೆ ನಮ್ಮ ಸೀಮೆಯಲ್ಲಿ ಪ್ರತಿನಿಧಿ ಅನ್ನುವವನು ಮೊದಲು ಹುಟ್ಟಿದ್ದೇ ಅರಿಕೆದಾರನಾಗಿ. ಆ ಅರಿಕೆಯ ಸಾಲಿನಲ್ಲಿ ಹೊಲಗೇರಿ, ಮಾದಿಗರ ಹಟ್ಟಿಗಳ ಮಾತಿಗೆ ಕುರ್ಚಿ ಸಿಗಬೇಕಾದರೆ ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಬ್ರಾಹ್ಮಣೇತರರು ಮಾತ್ರ ಈ ದಾರಿಯನ್ನು ಚೆನ್ನಾಗಿ ಬಳಸಿದರು. 1918ರಲ್ಲಿ ಪ್ರಜಾಮಿತ್ರ ಮಂಡಳಿಯ ನಿಯೋಗ ಮಹಾರಾಜರನ್ನು ಕಂಡಿತು. ಮಿಲ್ಲರ್ ಸಮಿತಿ ನೇಮಕವಾಯಿತು, 1919ರಲ್ಲಿ ವರದಿ ಬಂತು, 1921ರಲ್ಲಿ ಆದೇಶವಾಯಿತು. ಒಂದು ನಿಯೋಗ ಮೂರೇ ವರ್ಷದಲ್ಲಿ ಆದೇಶವಾಗುವುದನ್ನು ಇಲ್ಲಿ ಕಾಣುತ್ತೇವೆ. ಕಾರಣ ಸ್ಪಷ್ಟ: ಅವರು ಕೇಳಿದ್ದು ದಯೆಯನ್ನಲ್ಲ, ಸರ್ಕಾರಿ ನೌಕರಿಯಲ್ಲಿ ಪಾಲನ್ನು. ಜೊತೆಗೆ ಅವರ ಬೆನ್ನಿಗೆ ಹೊಲವಿತ್ತು, ಹಣವಿತ್ತು, ಇಂಗ್ಲಿಷ್ ಬಲ್ಲ ವಕೀಲರಿದ್ದರು. ತಾತನ ಬೆನ್ನಿಗೆ ಇದ್ದದ್ದು ಮರದಡಿಯ ಅರ್ಜಿ ಬರೆಯುವವನು.

ಬೊಂಬಾಯಿ ಪ್ರಾಂತದ ಕಡೆ ಈ ಚರಿತ್ರೆ ಬೇರೆಯಾಗಿ ನಡೆಯಿತು. ಬೆಳಗಾವಿ, ಬಿಜಾಪುರ, ಧಾರವಾಡಗಳು ಆಗ ಅದೇ ಪ್ರಾಂತದಲ್ಲಿದ್ದುದರಿಂದ ಅದು ನಮ್ಮ ಚರಿತ್ರೆಯೂ ಹೌದು. 1890ರ ದಶಕದಲ್ಲಿ ಗೋಪಾಲ ಬಾಬಾ ವಲಂಗ್‌ಕರ್, 1910ರಲ್ಲಿ ಶಿವರಾಮ ಜಾನಬಾ ಕಾಂಬ್ಳೆ ಸೈನ್ಯ ಮತ್ತು ನೌಕರಿಗಳ ಬಾಗಿಲು ಮಹಾರರಿಗೆ ತೆರೆಯಬೇಕೆಂದು ಮನವಿ ಬರೆದರು. ಅವು ಬಿಳಿ ಅಧಿಕಾರಿಗಳಿಗೆ ಹೋದವು. ಶಾಸನಸಭೆಯ ಒಳಗಿಂದಲೇ ಮಾತು ಹೊರಟದ್ದು 1923ರಲ್ಲಿ. ಎಸ್.ಕೆ. ಬೋಲೆ ಎಂಬ ಸುಧಾರಣಾವಾದಿ ಸದಸ್ಯರು ಸರ್ಕಾರಿ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳನ್ನು ಅಸ್ಪೃಶ್ಯರಿಗೆ ಬಿಡಬೇಕೆಂದು ಬೊಂಬಾಯಿ ಶಾಸನಸಭೆಯಲ್ಲಿ ಗೊತ್ತುವಳಿ ತಂದರು. ಅದು ಪಾಸಾಯಿತು. 1924ರಲ್ಲಿ ಮಹಾಡ್ ಪುರಸಭೆಯೂ ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ಬರೆದುಕೊಂಡಿತು. ಕಾಗದದ ಮೇಲೆ ಕೆರೆ ತೆರೆಯಿತು. ಒಬ್ಬನೂ ನೀರು ಮುಟ್ಟಲಿಲ್ಲ.

ಯಾಕೆಂದರೆ ಗೊತ್ತುವಳಿ ಕಾನೂನಲ್ಲ. ತಪ್ಪಿದರೆ ಏನು ಎಂಬ ಮಾತು ಅದರಲ್ಲಿರಲಿಲ್ಲ. ಇದನ್ನು ಬೋಲೆಯವರು ಕಂಡುಕೊಂಡರು ಅನ್ನಿಸುತ್ತದೆ. 1926ರಲ್ಲಿ ಅವರು ಮತ್ತೆ ಎದ್ದು ನಿಂತು, ಜಾರಿಗೆ ತರದ ಪುರಸಭೆಗಳಿಗೆ ಅನುದಾನ ಕೊಡಬೇಡಿ ಎಂಬ ಇನ್ನೊಂದು ಗೊತ್ತುವಳಿ ಮಂಡಿಸಿದರು. ಮೊದಲನೆಯದು ಒಳ್ಳೆಯ ಮನಸ್ಸಿನ ವಾಕ್ಯ, ಎರಡನೆಯದು ಜೇಬಿಗೆ ಕೈ ಹಾಕುವ ವಾಕ್ಯ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಆ ಕೆರೆಯ ನೀರು ಕುಡಿದರು. ಮಹಾಡ್ ಸತ್ಯಾಗ್ರಹವನ್ನು ನಾವು ಯಾವಾಗಲೂ ಬಂಡಾಯವೆಂದು ಮಾತ್ರ ಓದುತ್ತೇವೆ. ಅದು ಶಾಸನಸಭೆಯ ಗೊತ್ತುವಳಿಯೊಂದನ್ನು ಜನ ತಾವೇ ಜಾರಿಗೆ ತಂದ ಸಂದರ್ಭವೂ ಹೌದು. ಅವರು ಕಾನೂನು ಮುರಿಯಲಿಲ್ಲ. ಸಭೆ ಆಡಿದ ಮಾತನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿದ್ದರು. ಏಟು ತಿಂದರು. ಅದೇ ವರ್ಷ ಪುರಸಭೆ ತನ್ನ ನಿರ್ಣಯವನ್ನು ವಾಪಸು ತೆಗೆದುಕೊಂಡಿತು. ಕೋರ್ಟಿನಲ್ಲಿ ವ್ಯಾಜ್ಯ ಮುಗಿದದ್ದು 1937ರಲ್ಲಿ, ಬೊಂಬಾಯಿ ಹೈಕೋರ್ಟಿನಲ್ಲಿ.

1927ರಿಂದ ಅಂಬೇಡ್ಕರ್ ತಾವೇ ಆ ಸಭೆಯ ಸದಸ್ಯರು. ಅರ್ಜಿ ಕೊಡುವ ಜನರೊಳಗಿನವನೊಬ್ಬ ಅರ್ಜಿ ತೆಗೆದುಕೊಳ್ಳುವ ಕುರ್ಚಿಯಲ್ಲಿ ಕೂತರೆ ಏನಾಗುತ್ತದೆ? 1928ರಲ್ಲಿ ಅವರು ಮಹಾರ್ ವತನಿನ ಮಸೂದೆ ತಂದರು. ಊರ ಚಾಕರಿಯ ಹೆಸರಿನಲ್ಲಿ ಇಡೀ ಕುಟುಂಬವನ್ನು ಹಗಲೂ ರಾತ್ರಿ ದುಡಿಸುವ ವಂಶಪಾರಂಪರ್ಯ ಹುದ್ದೆಯಿಂದ ಬಿಡುಗಡೆಗೆ ದಾರಿ ಮಾಡುವ ಮಸೂದೆ. ಅದು ಆಯ್ಕೆ ಸಮಿತಿಗೆ ಹೋಯಿತು. 1929ರಲ್ಲಿ ಅವರೇ ಹಿಂತೆಗೆದುಕೊಳ್ಳಬೇಕಾಯಿತು. ಸಭೆಯೊಳಗೆ ಅಂಬೇಡ್ಕರರೇ ಇದ್ದರೂ ಎಣಿಕೆ ಸಾಲಲಿಲ್ಲ. ಬೊಂಬಾಯಿ ರಾಜ್ಯದಲ್ಲಿ ಈ ಬಗೆಯ ವತನುಗಳು ರದ್ದಾದದ್ದು 1958ರ ಕಾಯ್ದೆಯಿಂದ, ನಮ್ಮಲ್ಲಿ ಗ್ರಾಮ ಹುದ್ದೆಗಳು ರದ್ದಾದದ್ದು 1961ರ ಕಾಯ್ದೆಯಿಂದ. ಮೂವತ್ತು ವರ್ಷ ಬೇಕಾಯಿತು.

1932ರ ಪೂನಾ ಒಪ್ಪಂದ ಈ ಎಣಿಕೆಯ ಲೆಕ್ಕವನ್ನು ಬದಲಿಸಿತು, ಒಂದು ಗಂಟನ್ನೂ ಹಾಕಿತು. ಪ್ರಾಂತೀಯ ಶಾಸನಸಭೆಗಳಲ್ಲಿ 148 ಸ್ಥಾನಗಳು ಬಂದವು. ಆದರೆ ಆರಿಸುವವರು ಎಲ್ಲ ಜಾತಿಯ ಮತದಾರರು. ಇಂದಿನ ಕರ್ನಾಟಕದಲ್ಲಿ 224 ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಮೀಸಲು ಕ್ಷೇತ್ರದ ಶಾಸಕರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ತಾತನ ಹೊಲ ಕೊಂಡ ದೊಡ್ಡವರ ಮನೆಯ ಓಟಿಲ್ಲದೆ ಅವರು ಗೆಲ್ಲುವುದಿಲ್ಲ ಅನ್ನುವ ವಾಸ್ತವವನ್ನು ಮರೆತು ಅರ್ಜಿಯ ಚರಿತ್ರೆ ಬರೆಯಲಾಗದು. 'ನಮ್ಮವನೇ ಗೆದ್ದಿದ್ದಾನಲ್ಲ, ಹೇಳಿದ್ರೆ ಆಯ್ತು' ಎನ್ನುವ ಭಾವನೆ ನಮ್ಮ ಕೇರಿಗಳಲ್ಲಿದೆ. ಹೇಳಿದರೆ ಆಗುವುದಿಲ್ಲ. ಅವನು ನಮ್ಮ ಪರ ನಿಲ್ಲುವುದಕ್ಕೆ ನಾವು ಅವನಿಗೆ ಏನು ಕೊಟ್ಟಿದ್ದೇವೆ ಎಂದೂ ಕೇಳಿಕೊಳ್ಳಬೇಕು. ಇಲ್ಲಿ ಕೊಡುವುದು ಅಂದರೆ ದುಡ್ಡಲ್ಲ. ದಾಖಲೆ, ಜನ, ಕಾನೂನಿನ ಮಾತು.

ಈ ಮೂರನ್ನೂ ಕೊಡುವುದು ಹೇಗೆಂಬುದಕ್ಕೆ 1942ರ ಅಕ್ಟೋಬರಿನಲ್ಲಿ ಅಂಬೇಡ್ಕರ್ ಗವರ್ನರ್ ಜನರಲ್‌ಗೆ ಸಲ್ಲಿಸಿದ ಪರಿಶಿಷ್ಟ ಜಾತಿಗಳ ಕುಂದುಕೊರತೆಯ ಮನವಿಯನ್ನು ಓದಬೇಕು. ಆಗ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದರು. ರಾಜಕೀಯ ಕೊರತೆ, ಶಿಕ್ಷಣದ ಕೊರತೆ, ಉಳಿದವು ಎಂದು ಬಿಡಿಬಿಡಿಯಾಗಿ ವಿಂಗಡಿಸಿ, ಅಂಕಿಅಂಶ ಇಟ್ಟು, ಪ್ರತಿಯೊಂದಕ್ಕೂ ಏನು ಆಗಬೇಕು ಎಂದು ಹೇಳುವ ಗದ್ಯ ಅದು. ಕಣ್ಣೀರಿಗೆ ಅಲ್ಲಿ ಜಾಗವಿಲ್ಲ. ಮರುವರ್ಷ ಕೇಂದ್ರ ಸೇವೆಗಳಲ್ಲಿ ಶೇಕಡಾ 8⅓ ಮೀಸಲಾತಿ ಬಂತು. ಅಂಬೇಡ್ಕರರ ಗದ್ಯದ ಬಗ್ಗೆ ಮಾತಾಡುವ ವಿಮರ್ಶಕರು ಈ ಮನವಿಯನ್ನು ಎತ್ತಿಕೊಂಡದ್ದನ್ನು ನಾನು ಕಂಡಿಲ್ಲ.

ಸಂವಿಧಾನದ 350ನೇ ಅನುಚ್ಛೇದ ಕುಂದುಕೊರತೆಯ ಮನವಿಯನ್ನು ಯಾವುದೇ ಅಧಿಕಾರಿ ಅಥವಾ ಪ್ರಾಧಿಕಾರಕ್ಕೆ ರಾಜ್ಯದಲ್ಲಿ ಬಳಸುವ ಭಾಷೆಯಲ್ಲೇ ಕೊಡುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಭಾಷೆಯ ಹಕ್ಕು ಬಂತು. ಆದರೆ ಕನ್ನಡದಲ್ಲಿ ನಮಗೆ ಸಿಕ್ಕ ಅರ್ಜಿಯ ನುಡಿಗಟ್ಟು ದರ್ಬಾರಿನದು, 'ಪಾದಾರವಿಂದ'ದ್ದು. ಓಟು ಬಂದ ಮೇಲೂ ವಾಕ್ಯ ಬದಲಾಗಲಿಲ್ಲ.

ಈಗ ಮತ್ತೆ ಟ್ರಂಕಿಗೆ ಬರೋಣ. ತಾತ ಮೊದಲ ಅರ್ಜಿ ಬರೆಸುವ ಹೊತ್ತಿಗೆ ಕರ್ನಾಟಕದಲ್ಲಿ ಒಂದು ಅಪರೂಪದ ಕಾನೂನಿತ್ತು. ದೇವರಾಜ ಅರಸು ಕಾಲದ 1978ರ ಪಿ.ಟಿ.ಸಿ.ಎಲ್. ಕಾಯ್ದೆ: ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಮಂಜೂರಾದ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ. 1979ರ ಜನವರಿ 1ರಿಂದ ಜಾರಿ. ಷರತ್ತು ಮುರಿದು ಆದ ಪರಭಾರೆ, ಅದು ಕಾಯ್ದೆಗಿಂತ ಮುಂಚಿನದಾದರೂ, ಅನೂರ್ಜಿತ ಎಂದು 4ನೇ ಕಲಂ ಹೇಳುತ್ತದೆ. 5ನೇ ಕಲಂ ಪ್ರಕಾರ ಹಕ್ಕುದಾರರ ಅರ್ಜಿಯ ಮೇಲೆ, ಅಥವಾ ಯಾರೇ ಲಿಖಿತವಾಗಿ ತಿಳಿಸಿದರೂ, ಅಥವಾ ತಾನೇ ಸ್ವತಃ, ಉಪವಿಭಾಗಾಧಿಕಾರಿ ಜಮೀನನ್ನು ಬಿಡಿಸಿ ಮಂಜೂರುದಾರನಿಗೆ ಇಲ್ಲವೇ ಅವನ ವಾರಸುದಾರರಿಗೆ ಕೊಡಿಸಬಹುದು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. 'ಯಾರೇ ಲಿಖಿತವಾಗಿ ತಿಳಿಸಿದರೂ' ಎಂಬ ಮಾತನ್ನು ದಯವಿಟ್ಟು ಗಮನಿಸಿ.

ತಾತನ ಹನ್ನೊಂದು ಅರ್ಜಿಗಳಲ್ಲಿ ಈ ಕಾಯ್ದೆಯ ಹೆಸರಿಲ್ಲ. ಸರ್ವೆ ನಂಬರು ಎರಡರಲ್ಲಿ ಮಾತ್ರ ಇದೆ. ಮಂಜೂರಾತಿ ಆದೇಶದ ಸಂಖ್ಯೆ ಒಂದರಲ್ಲೂ ಇಲ್ಲ. ಇರುವುದು ತಾತನ ಬಡತನ, ಮಕ್ಕಳ ಸಂಖ್ಯೆ, ಅಜ್ಜಿಯ ಕಾಯಿಲೆ, ಕೊನೆಗೆ 'ತಾವೇ ತಂದೆತಾಯಿ'. ಅಂಚಿನಲ್ಲಿ ಶಾಸಕರ ಕೈಬರಹದ ಷರಾ: 'ತಹಶೀಲ್ದಾರ್, ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು.' ತಹಶೀಲ್ದಾರರ ಹಿಂಬರಹ: ಈ ವಿಷಯ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಮತ್ತೆ ಚುನಾವಣೆ, ಮತ್ತೆ ಹೊಸ ಶಾಸಕರು, ಮತ್ತೆ ಅರ್ಜಿ. ಅದೇ ಹಾಳೆಯ ಮೇಲೆ ಶಾಸಕರು 'ತಹಶೀಲ್ದಾರ್' ಎನ್ನುವ ಕಡೆ 'ಉಪವಿಭಾಗಾಧಿಕಾರಿ, ಪಿ.ಟಿ.ಸಿ.ಎಲ್. 5ನೇ ಕಲಂ' ಎಂದು ಬರೆದಿದ್ದರೆ ತಾತನ ಆ ಬಡಕಲು ಅರ್ಜಿಯೇ ಕಾನೂನು ಕೇಳುವ ಲಿಖಿತ ತಿಳುವಳಿಕೆಯಾಗುತ್ತಿತ್ತು. ಕಾನೂನು ಮಾಡುವವರಿಗೆ ತಾವು ಮಾಡಿದ ಕಾನೂನು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆಯಲಿಲ್ಲವೋ. ಎರಡನೆಯದೇ ಅಂತ ಅಪ್ಪ ಹೇಳುತ್ತಾರೆ.

ಅಪ್ಪ 2009ರಲ್ಲಿ ಸರಿಯಾದ ಕಚೇರಿಗೆ ಅರ್ಜಿ ಹಾಕಿದರು. ವಾಯಿದೆ ಮೇಲೆ ವಾಯಿದೆ. ಅಷ್ಟರಲ್ಲಿ 2017 ಬಂತು. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಕಾಲಮಿತಿ ಹೇಳಿಲ್ಲದಿದ್ದರೂ ಸಮಂಜಸವಾದ ಕಾಲದೊಳಗೆ ಅರ್ಜಿ ಹಾಕಬೇಕು ಎಂದಿತು. ಕರ್ನಾಟಕದಾದ್ಯಂತ ಇಂಥ ಪ್ರಕರಣಗಳು ತರಗೆಲೆಯ ಹಾಗೆ ಉದುರಿದವು. 2019ರಲ್ಲಿ ನಮ್ಮದೂ ಉದುರಿತು. ಆದೇಶದಲ್ಲಿದ್ದ ಕಾರಣ: ಮೂವತ್ತು ವರ್ಷಗಳ ವಿಳಂಬ. ತಾತ ಇಪ್ಪತ್ತೊಂದು ವರ್ಷ ಪಾದಾರವಿಂದಗಳಿಗೆ ಬರೆಸಿದ್ದು ಕಾನೂನಿನ ಕಣ್ಣಿನಲ್ಲಿ ಕಾಲವೇ ಆಗಿರಲಿಲ್ಲ. ಅವರು ಸುಮ್ಮನೆ ಕೂತಿರಲಿಲ್ಲ ಎಂಬುದಕ್ಕೆ ಟ್ರಂಕಿನಲ್ಲಿ ಸಾಕ್ಷಿ ಇತ್ತು, ಆದರೆ ಅದು ತಪ್ಪು ವಿಳಾಸಕ್ಕೆ ಹೋದ ಸಾಕ್ಷಿ.

ಈ ತೀರ್ಪಿನ ನಂತರ ನಡೆದದ್ದು ನನ್ನ ಮಟ್ಟಿಗೆ ಕರ್ನಾಟಕದ ದಲಿತ ಅಹವಾಲಿನ ಚರಿತ್ರೆಯಲ್ಲಿ ಮುಖ್ಯವಾದ ಘಟ್ಟ. ಜಮೀನು ಕಳೆದುಕೊಂಡವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಅವರ ಬೇಡಿಕೆ 'ನಮಗೆ ನ್ಯಾಯ ಕೊಡಿ' ಎಂಬಷ್ಟಕ್ಕೆ ನಿಲ್ಲಲಿಲ್ಲ. ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲವೆಂದು ಬರೆಯಿರಿ ಎಂದು ಕೇಳಿದರು. ಧರಣಿ ನಡೆದ ಅವಧಿಯಲ್ಲೇ ಚುನಾವಣೆ ಬಂತು, ಸರ್ಕಾರ ಬದಲಾಯಿತು, ಬೇಡಿಕೆ ಬದಲಾಗಲಿಲ್ಲ. 2023ರ ಜುಲೈನಲ್ಲಿ ವಿಧಾನಮಂಡಲ ತಿದ್ದುಪಡಿಯನ್ನು ಒಪ್ಪಿತು. ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ ಈ ಕಾಯ್ದೆಯನ್ನು ಬಳಸಲು ಕಾಲಮಿತಿ ಇರುವುದಿಲ್ಲ. ಬಾಕಿ ಇರುವ ಎಲ್ಲ ಪ್ರಕರಣಗಳಿಗೂ ಇದು ಅನ್ವಯ. ಹೊಸದಾಗಿ ಸೇರಿದ ಎರಡು ಸಣ್ಣ ಖಂಡಗಳ ತಿರುಳು ಇಷ್ಟೇ. ಬೀದಿಯಲ್ಲಿ ಕೂತವರ ಮಾತು ಕಾಯ್ದೆಯ ಪುಸ್ತಕದೊಳಗೆ ಹೋಗಿ ಕೂತಿತು.

ಇದನ್ನು ಗೆಲುವು ಎಂದು ನಾನೂ ಕುಣಿದವನೇ. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವೊಂದು ಇನ್ನೊಂದು ವ್ಯಾಖ್ಯಾನ ಕೊಟ್ಟಿತು: ಕಾಲಮಿತಿ ಬೇರೆ, ವಿಳಂಬ ಬೇರೆ, ತಿದ್ದುಪಡಿ ತೆಗೆದುಹಾಕಿದ್ದು ಕಾಲಮಿತಿಯನ್ನು, ವಿಪರೀತ ವಿಳಂಬದ ಪ್ರಶ್ನೆಯನ್ನು ನ್ಯಾಯಾಲಯ ಈಗಲೂ ನೋಡಬಹುದು. ಸಾಹಿತ್ಯದ ಮೇಷ್ಟ್ರಾದ ನನಗೆ ಇದು ಒಂದು ಪದದ ಪ್ರಶ್ನೆಯಾಗಿ ಕಾಣುತ್ತದೆ. 'ಕಾಲಮಿತಿ' ಎಂದು ಕೇಳಿದೆವು, 'ವಿಳಂಬ' ಎಂದು ಕೇಳಲಿಲ್ಲ. ಇಂಥ ಪದಗಳು ಮೂಲ ಕಾಯ್ದೆಯಲ್ಲೂ ಇವೆ. ಮಂಜೂರಾದ ಜಮೀನು ಎಂದರೇನು ಎಂದು ಹೇಳುವಾಗ, ವಂಶಪಾರಂಪರ್ಯ ಹುದ್ದೆ ಮತ್ತು ಹಕ್ಕುಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು ಎಂಬ ಸಣ್ಣ ಮಾತು ಸೇರಿಕೊಂಡಿದೆ. ಅಷ್ಟರಿಂದ ತೋಟಿ, ತಳವಾರಿಕೆಯ ಜಮೀನು ಹೊರಗೇ ಉಳಿಯುತ್ತದೆ. 1928ರ ಮಸೂದೆ ಯಾರ ಸಂಕಟಕ್ಕೆ ಬಾಯಿಯಾಗಿತ್ತೋ ಅವರೇ 1978ರಲ್ಲಿ ಬಾಗಿಲಾಚೆ ನಿಂತದ್ದು ನಮ್ಮ ಹೋರಾಟಗಳ ಭಾಷಣದಲ್ಲಿ ಬಂದದ್ದು ಕಡಿಮೆ.

'ಹಾಗಾದ್ರೆ ಎಮ್ಮೆಲ್ಲೆಗೆ ಬರೆಯೋದು ದಂಡ ಅಂತೀರಾ ಸಾರ್?' ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ದಂಡವಲ್ಲ. ಬರೆಯುವುದು ಯಾರಿಗೆ ಎಂಬುದು ತಿಳಿದಿರಬೇಕು. ಜಮೀನು ಬಿಡಿಸಿಕೊಡುವ ಅಧಿಕಾರ ಶಾಸಕರಿಗಿಲ್ಲ, ಅದು ಉಪವಿಭಾಗಾಧಿಕಾರಿಯದು. ಶಾಸಕರಿಗಿರುವುದು ಸದನದಲ್ಲಿ ಬಾಯಿ. ನಮ್ಮ ಉಪವಿಭಾಗದಲ್ಲಿ ಎಷ್ಟು ಪ್ರಕರಣ ವಿಳಂಬದ ಕಾರಣಕ್ಕೆ ವಜಾ ಆಗಿವೆ ಎಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಸರ್ಕಾರ ಲೆಕ್ಕ ಕೊಡಬೇಕಾಗುತ್ತದೆ, ಆ ಲೆಕ್ಕ ಕಡತವಾಗುತ್ತದೆ. ಸದನದಲ್ಲಿ ಅರ್ಜಿಗಳ ಸಮಿತಿ ಇದೆ, ಪರಿಶಿಷ್ಟ ಜಾತಿ ಪಂಗಡಗಳ ಕಲ್ಯಾಣ ಸಮಿತಿ ಇದೆ. ಶಾಸಕರ ಮನೆ ಬಾಗಿಲಲ್ಲಿ ಬೆಳಿಗ್ಗೆ ನಿಂತು ವರ್ಗಾವಣೆ, ಸೀಟು, ಆಸ್ಪತ್ರೆ ಖರ್ಚು ಕೇಳುವ ನೂರು ಜನರ ನಡುವೆ ನಾವೂ ನೂರೊಂದನೆಯವರಾದರೆ ನಮಗೂ ಸಿಗುವುದು ಒಂದು ಷರಾ. ಅಧಿವೇಶನಕ್ಕೆ ಮುಂಚೆ, ಪ್ರಶ್ನೆ ಕಳಿಸುವ ದಿನ ಮುಗಿಯುವ ಮೊದಲು, ಕೇಳಬೇಕಾದ ಪ್ರಶ್ನೆಯನ್ನೇ ಬರೆದು ಕೈಗಿತ್ತರೆ ಅದು ಬೇರೆ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದು ಪ್ರತಿ ಇಟ್ಟುಕೊಳ್ಳಬೇಕು. ತಾತ ಪ್ರತಿ ಇಟ್ಟುಕೊಂಡಿದ್ದರು; ಅಕ್ಷರ ಬರದ ಮನುಷ್ಯನಿಗೆ ಆ ಬುದ್ಧಿ ಯಾರು ಹೇಳಿಕೊಟ್ಟರೋ.

ಒಬ್ಬನೇ ಹೋಗುವುದೂ ಬೇಡ. ಒಬ್ಬನ ಅರ್ಜಿ ಕಷ್ಟ, ಐವತ್ತು ಜನರದು ಲೆಕ್ಕ. ಒಳಮೀಸಲಾತಿಯ ಅಹವಾಲು ಸದಾಶಿವ ಆಯೋಗದ 2005, ವರದಿ ಬಂದ 2012, ಸುಪ್ರೀಂ ಕೋರ್ಟು ತೀರ್ಪು ಕೊಟ್ಟ 2024 ಇವನ್ನೆಲ್ಲ ದಾಟಿ ಸಾಯದೆ ಉಳಿದದ್ದು ಪ್ರತಿ ಶಾಸಕರ ಬಾಗಿಲಿಗೂ ಜನ ಮತ್ತೆ ಮತ್ತೆ ಹೋದದ್ದರಿಂದ. ಅದನ್ನು ಕುರಿತೇ ಬೇರೆ ಲೇಖನ ಬೇಕು.

ಕಳೆದ ದೀಪಾವಳಿ ರಜೆಯಲ್ಲಿ ಅಪ್ಪ, ನಾನು ಮತ್ತು ನಮ್ಮ ಹೋಬಳಿಯ ಮೂವತ್ತೆರಡು ಕುಟುಂಬದವರು ಕೂತು ಒಂದು ಪುಟದ ಅಹವಾಲು ಬರೆದೆವು. ಮೇಲೆ ವಿಷಯ: ಪಿ.ಟಿ.ಸಿ.ಎಲ್. ಕಾಯ್ದೆಯ 5ನೇ ಕಲಮಿನಲ್ಲಿ 'ಕಾಲಮಿತಿ' ಎಂಬಲ್ಲಿ 'ಕಾಲಮಿತಿ ಅಥವಾ ವಿಳಂಬ' ಎಂದು ಸೇರಿಸುವ ಬಗ್ಗೆ. ಕೆಳಗೆ ಪಟ್ಟಿ: ಸರ್ವೆ ನಂಬರು, ಮಂಜೂರಾತಿ ವರ್ಷ, ಪರಭಾರೆಯಾದ ವರ್ಷ, ವಜಾ ಆದ ದಿನಾಂಕ. ಜೊತೆಗೆ ಸದನದಲ್ಲಿ ಕೇಳಬೇಕಾದ ಒಂದು ಪ್ರಶ್ನೆ. ಅಜ್ಜಿ ಜಗುಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿತ್ತು. ಓದಿ ಮುಗಿಸಿದ ಮೇಲೆ, 'ಪಾದ ಅಂತ ಎಲ್ಲೂ ಬರ್ಲಿಲ್ವಲ್ಲ ಮಗ, ಬುಟ್ಟೋಯ್ತಾ?' ಅಂತು. ಇಲ್ಲ ಅಜ್ಜಿ, ಬೇಕಂತಲೇ ಬಿಟ್ಟಿದ್ದೀವಿ ಅಂದೆ. 'ನೋಡ್ಕಳಪ್ಪ, ಅವರಿಗೆ ಸಿಟ್ಟುಗಿಟ್ಟು ಬಂದಾತು' ಅಂತು. ಶಾಸಕರು ಊರಲ್ಲಿರಲಿಲ್ಲ. ಅವರ ಆಪ್ತ ಸಹಾಯಕ ಪುಟವನ್ನು ಎರಡು ಸಲ ಓದಿ, 'ಇದನ್ನ ನಾನು ತಹಶೀಲ್ದಾರ್ರಿಗೆ ಕಳಿಸೋಕೆ ಬರಲ್ಲವಲ್ಲ' ಎಂದು ಗೊಣಗಿ, ಮೊಹರು ಒತ್ತಿ ಪ್ರತಿ ಕೊಟ್ಟ. ಅದನ್ನು ಟ್ರಂಕಿನಲ್ಲಿ ಹನ್ನೊಂದರ ಮೇಲೆ ಇಟ್ಟಿದ್ದೇವೆ. ಪ್ರಶ್ನೆ ಇನ್ನೂ ಸದನಕ್ಕೆ ಬಂದಿಲ್ಲ. ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ಮೂವತ್ತೆರಡು ಮನೆಯವರೂ ಮತ್ತೆ ಹೋಗುವುದೆಂದು ಮಾತಾಗಿದೆ.